ಕನ್ನಡದ ತಾಂತ್ರಿಕ ಕೈಪಿಡಿಗೆ ವಿಎಸ್ ಕೋಡ್ ಸಜ್ಜುಗೊಳಿಸಿದ್ದು

16 ನವೆಂಬರ್ 2025, ಭಾನುವಾರ

ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಗೆಳೆಯರೊಬ್ಬರೊಡನೆ ಸೇರಿ ಬರೆಯುತ್ತಿರುವ ಮೂರು ಫೇಸಿನ ಮೋಟಾರುಗಳ ಕೈಪಿಡಿಯನ್ನು ಲೇಟೆಕ್‌ಗೆ (ಸೂಚನೆಗಳೊಡನೆ ಬರೆದ ಪಠ್ಯವನ್ನು ಪುಟಗಳಾಗಿ ಜೋಡಿಸುವ ತಂತ್ರಾಂಶ) ಸಾಗಿಸುವ ಕೆಲಸ ಇಂದು ಒಂದು ಹದಕ್ಕೆ ಬಂದಿತು. ಸಮೀಕರಣಗಳ ಸಂಖ್ಯೆ, ಚಿತ್ರಗಳ ಉಲ್ಲೇಖ, ಪರಿವಿಡಿ ಇವೆಲ್ಲ ತಾವಾಗಿಯೇ ಹೊಂದಿಕೊಳ್ಳಬೇಕಾದ ಬರಹಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಬರೆಯಲು ವಿಎಸ್ ಕೋಡ್ ಎಂಬ ಎಡಿಟರ್, ಅದರೊಳಗೆ ಲೇಟೆಕ್ ವರ್ಕ್‌ಶಾಪ್ ಎಂಬ ಎಕ್ಸ್‌ಟೆನ್ಶನ್, ಇವುಗಳ ಬೆನ್ನಿಗೆ ಲೇಟೆಕ್‌ನ ಎಂಜಿನ್ ಮತ್ತು ಪ್ಯಾಕೇಜುಗಳ ಸಂಗ್ರಹವಾದ ಟೆಕ್ ಲೈವ್. ಇವನ್ನು ಇನ್‌ಸ್ಟಾಲ್ ಮಾಡುವುದಕ್ಕೆ ತಾಳ್ಮೆಯೊಂದಿದ್ದರೆ ಸಾಕು.

ಯೋಚಿಸಬೇಕಾದ ಸಂಗತಿಗಳು ಅಲ್ಲಿಂದ ಮುಂದೆ ಶುರುವಾಗುತ್ತವೆ. ನಾವೇನೂ ಬದಲಿಸದಿದ್ದರೆ ಈ ಎಕ್ಸ್‌ಟೆನ್ಶನ್ ಓಡಿಸುವುದು ಪಿಡಿಎಫ್‌ಲೇಟೆಕ್ ಎಂಬ ಎಂಜಿನ್ ಅನ್ನು, ಎಂದರೆ ಬರಹವನ್ನು ಪಿಡಿಎಫ್ ಆಗಿಸುವ ಪ್ರೋಗ್ರಾಮನ್ನು. ಆದರೆ ಕನ್ನಡದ ಗುಣಿತ ಮತ್ತು ಒತ್ತಕ್ಷರಗಳನ್ನು ಕೂಡಿಸುವ ನಿಯಮಗಳು ಓಪನ್‌ಟೈಪ್ ಫಾಂಟಿನ ಒಳಗಿರುವುದರಿಂದ, ಅವನ್ನು ಓದಿ ಪಾಲಿಸಲಾರದ ಪಿಡಿಎಫ್‌ಲೇಟೆಕ್ ನಮಗೆ ಒದಗುವುದಿಲ್ಲ. ಜೊನಾಥನ್ ಕ್ಯೂ ಅವರು 2004ರಲ್ಲಿ ಹೊರತಂದ ಝೀಟೆಕ್ ಎಂಬ ಎಂಜಿನ್ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಅಲ್ಲಿಯೂ ಫಾಂಟಿನ ಹೆಸರನ್ನಷ್ಟೇ ಕೊಟ್ಟರೆ ಸಾಲದು, ಲಿಪಿ ಕನ್ನಡವೆಂದು ಬಿಡಿಸಿ ಹೇಳಬೇಕು. ನೋಟೊ ಸೆರಿಫ್ ಕನ್ನಡ ಫಾಂಟಿಗೆ ಆ ಒಂದು ಆಯ್ಕೆಯನ್ನು ತೆಗೆದು ನೋಡಿದೆ: ‘ವಿದ್ಯುತ್’ ಎಂಬಲ್ಲಿ ದಕಾರಕ್ಕೆ ಯಕಾರದ ಒತ್ತು ಕೂರದೆ ಎರಡು ಅಕ್ಷರಗಳೂ ಬಿಡಿಬಿಡಿಯಾಗಿ ನಿಂತವು. ಆಯ್ಕೆಯನ್ನು ಮರಳಿ ಸೇರಿಸಿದೊಡನೆ ಪದ ಕೂಡಿಕೊಂಡಿತು.

ಬೇರೆ ಬೇರೆ ಭಾಷೆಗಳನ್ನು ನಿಭಾಯಿಸುವ ಪಾಲಿಗ್ಲಾಸಿಯಾ ಪ್ಯಾಕೇಜಿನಲ್ಲಿ ಭಾಷೆಯನ್ನು ಕನ್ನಡವೆಂದು ಹೇಳುವುದೂ ಅಷ್ಟೇ ಮುಖ್ಯ. ‘ಅನುಪಾತದಲ್ಲಿರುತ್ತದೆಯೆಂಬುದನ್ನು’ ಎಂಬಂಥ ಪದ ಸಾಲಿನ ತುದಿಗೆ ಬಂದರೆ, ಅದನ್ನು ಎಲ್ಲಿ ಒಡೆಯಬಹುದೆಂದು ತಿಳಿಯದ ಟೆಕ್ (ಲೇಟೆಕ್‌ನ ತಳಹದಿ) ಅದನ್ನು ಅಂಚಿನಾಚೆಗೆ ಚಾಚಿಬಿಡುತ್ತದೆ. ಒಡೆಯುವ ನಿಯಮಗಳು ಟೆಕ್ ಲೈವ್‌ನಲ್ಲಿಯೇ ಇವೆ, ಭಾಷೆಯನ್ನು ಹೇಳಿದಾಗ ಮಾತ್ರ ಜಾರಿಗೆ ಬರುತ್ತವೆ.

ಯಾವ ಎಂಜಿನ್ ಓಡಬೇಕೆಂಬುದನ್ನು ಎಡಿಟರಿನ ಸೆಟ್ಟಿಂಗ್ಸ್‌ನಲ್ಲಿ ಬರೆಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಪುಸ್ತಕದ ಫೋಲ್ಡರಿನಲ್ಲಿಯೇ ಲೇಟೆಕ್‌ಎಂಕೆಯ (ಎಂಜಿನ್ನನ್ನು ಬೇಕಾದಷ್ಟು ಸಲ ಓಡಿಸುವ ಸಾಧನ) ಆರ್‌ಸಿ ಎಂಬ ಸೆಟ್ಟಿಂಗ್ ಕಡತವನ್ನಿಟ್ಟು, ಅದರಲ್ಲಿ ಪಿಡಿಎಫ್ ಮೋಡ್ 5 ಎಂದು ಬರೆದರೆ ಝೀಟೆಕ್ ಓಡುತ್ತದೆ, 4 ಎಂದರೆ ಲುವಾಟೆಕ್ ಎಂಬ ಇನ್ನೊಂದು ಎಂಜಿನ್. ಹೀಗೆ ಮಾಡಿದರೆ, ಬೇರೆ ಎಡಿಟರ್ ಬಳಸುವ ನನ್ನ ಸಹಲೇಖಕರಿಗೂ ಅದೇ ಪುಟಗಳು ದೊರೆಯುತ್ತವೆ. ಆದರೆ ಎಕ್ಸ್‌ಟೆನ್ಶನ್ನಿನ ಮೊದಲ ರೆಸಿಪಿ (ಓಡಿಸಬೇಕಾದ ಆಜ್ಞೆಗಳ ಪಟ್ಟಿ) ತನ್ನದೇ ಸೂಚನೆಯನ್ನು ಕಳುಹಿಸಿ ಈ ಕಡತದ ಮಾತನ್ನು ಮೀರುವುದರಿಂದ, ಆರ್‌ಸಿ ಕಡತವನ್ನು ಗೌರವಿಸುವ ಎರಡನೆಯ ರೆಸಿಪಿಯನ್ನೇ ಡೀಫಾಲ್ಟ್ ಮಾಡಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಮುಖ್ಯವೆನಿಸಿದ್ದು ಪಿಡಿಎಫ್‌ನಲ್ಲಿ ಹುಡುಕುವ ಸೌಲಭ್ಯ. ತೆರೆಯ ಮೇಲೆ ಅಕ್ಷರಗಳು ಎಷ್ಟೇ ಅಂದವಾಗಿ ಕಂಡರೂ, ಪಿಡಿಎಫ್‌ನೊಳಗಿರುವುದು ಫಾಂಟಿನ ಆಕಾರಗಳ ಸಾಲು. ಒತ್ತಕ್ಷರಗಳಿರುವ ಪದವನ್ನು ನಕಲು ಮಾಡಿದರೆ ಅದು ಕಲಸಿಹೋಗಿ ಬರುತ್ತದೆ. ಝೀಟೆಕ್‌ನಲ್ಲಿ ‘ಆಕ್ಚುಯಲ್ ಟೆಕ್ಸ್ಟ್’ ಉತ್ಪಾದನೆಯ ಸ್ವಿಚ್ಚನ್ನು 1ಕ್ಕೆ ಇಟ್ಟರೆ ಆಕಾರಗಳ ಜೊತೆಗೆ ಮೂಲ ಪಠ್ಯವೂ ಪಿಡಿಎಫ್ ಸೇರುತ್ತದೆ. ಮೊಬೈಲಿನಲ್ಲಿ ಓದುವ ವಿದ್ಯಾರ್ಥಿ ‘ಶಕ್ತಿ ಗುಣಾಂಕ’ ಎಂದು ಹುಡುಕಿದಾಗ ಅದು ಸಿಗಲೇಬೇಕು. ಸಿಗದ ಕೈಪಿಡಿಯನ್ನು ಅವರ ಕೈಗಿಡಲು ನನಗೆ ಮನಸ್ಸಿಲ್ಲ.

ಹುಡುಕಾಟಕ್ಕೆ ಇನ್ನೊಂದು ತೊಡಕೂ ಉಂಟು. ‘ಶಾರ್ಟ್‌ಸರ್ಕ್ಯೂಟ್’ ಎಂದು ಬರೆಯುವಾಗ ಟಕಾರಕ್ಕೆ ಸಕಾರ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರವೊಂದನ್ನು ಹಾಕುತ್ತೇವೆ. ಒಂದು ಕಡೆ ಅದನ್ನು ಹಾಕಿ ಇನ್ನೊಂದು ಕಡೆ ಬಿಟ್ಟರೆ ಎಡಿಟರಿಗೆ ಅವು ಎರಡು ಬೇರೆ ಪದಗಳು, ಪದಸೂಚಿಯಲ್ಲಿಯೂ ಎರಡು ನಮೂದುಗಳಾಗುತ್ತವೆ. ಇಂಥ ಪದಗಳನ್ನೆಲ್ಲ ಸ್ನಿಪ್ಪೆಟ್‌ಗಳಾಗಿ, ಎಂದರೆ ಚಿಕ್ಕ ಸಂಕೇತ ಒತ್ತಿದರೆ ಪೂರ್ತಿಯಾಗಿ ಮೂಡುವ ಪದಗಳಾಗಿ, ಮಾಡಿಟ್ಟಿದ್ದೇನೆ.

ಎಡಿಟರಿನ ನೋಟಕ್ಕೆ ಹೆಚ್ಚು ಸಮಯ ಕೊಡಲಿಲ್ಲ. ಫಾಂಟ್ ಪಟ್ಟಿಯಲ್ಲಿ ಇಂಗ್ಲಿಷಿನ ಸಮಅಗಲದ ಫಾಂಟಿನ ನಂತರ ನೋಟೊ ಸಾನ್ಸ್ ಕನ್ನಡ ಸೇರಿಸಿ, ಒತ್ತಕ್ಷರಗಳ ಬುಡ ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಎತ್ತರ ಹೆಚ್ಚಿಸಿದೆ. ಒಂದು ವಾಕ್ಯಕ್ಕೆ ಒಂದು ಸಾಲು ಎಂಬ ಕ್ರಮವನ್ನು ಇಬ್ಬರೂ ಒಪ್ಪಿದ್ದೇವೆ, ಬದಲಾವಣೆಗಳ ದಾಖಲೆಯಿಡುವ ಗಿಟ್‌ನಲ್ಲಿ ಯಾರು ಯಾವ ವಾಕ್ಯ ತಿದ್ದಿದರೆಂಬುದು ಆಗ ಸ್ಪಷ್ಟವಾಗಿ ಕಾಣುತ್ತದೆ.

ಸಂಜೆ ಮೊದಲ ಅಧ್ಯಾಯ ಪೂರ್ತಿ ಸಿದ್ಧವಾಯಿತು. 50 ಹರ್ಟ್ಸ್, ನಾಲ್ಕು ಧ್ರುವಗಳಿಗೆ ಕಾಂತಕ್ಷೇತ್ರದ ವೇಗ ನಿಮಿಷಕ್ಕೆ 1500 ಸುತ್ತು ಎಂಬ ಉದಾಹರಣೆಯ ಮೇಲೆ ಪಿಡಿಎಫ್‌ನಲ್ಲಿ ಕಂಟ್ರೋಲ್ ಒತ್ತಿ ಕ್ಲಿಕ್ಕಿಸಿದಾಗ, ಪಿಡಿಎಫ್ ಮತ್ತು ಮೂಲ ಬರಹವನ್ನು ಜೋಡಿಸುವ ಸಿಂಕ್‌ಟೆಕ್ ನೇರವಾಗಿ ಮೂಲದ ಆ ಸಾಲಿಗೇ ಕರೆದೊಯ್ದಿತು. ನಾಳೆ ಸ್ಲಿಪ್‌ನ (ಆ ವೇಗಕ್ಕಿಂತ ಮೋಟಾರು ಎಷ್ಟು ಹಿಂದೆ ಬೀಳುತ್ತದೆಂಬ ಲೆಕ್ಕ) ಸಮೀಕರಣಗಳನ್ನು ಕೈಗೆತ್ತಿಕೊಳ್ಳುತ್ತೇನೆ.