ಮೆದುಳಿನ ಕ್ಯಾನ್ಸರ್, ಲಸಿಕೆ ಮತ್ತು ಇಮ್ಯುನಿಟಿ ಪುಡಿ

ನಮ್ಮ ದೊಡ್ಡಪ್ಪನಿಗೆ ಗ್ಲಿಯೋಬ್ಲಾಸ್ಟೋಮಾ, ಅಂದರೆ ಬೇಗ ಬೆಳೆಯುವ ಒಂದು ಥರದ ಮೆದುಳಿನ ಕ್ಯಾನ್ಸರ್, ಅಂತ ಗೊತ್ತಾದ ಮೇಲೆ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಇಮ್ಯುನಿಟಿ ಜಾಸ್ತಿ ಮಾಡಿ, ಎಲ್ಲ ಸರಿಹೋಗುತ್ತೆ." ಬಸವನಗುಡಿಯ ಅವರ ಮನೆಯಲ್ಲಿ ಟೀಪಾಯಿ ಮೇಲೆ ಎಂಆರ್‌ಐ ಫಿಲ್ಮಿನ ದೊಡ್ಡ ಕವರ್, ಪಕ್ಕದಲ್ಲಿ ಡೆಕ್ಸಾ ಮಾತ್ರೆಯ ಸ್ಟ್ರಿಪ್, ಅದಕ್ಕೆ ಒತ್ತಿಕೊಂಡೇ ಯಾರೋ ತಂದುಕೊಟ್ಟ ಇಮ್ಯುನಿಟಿ ಪುಡಿಯ ಡಬ್ಬ. ದೊಡ್ಡಮ್ಮ ಬೆಳಿಗ್ಗೆ ಬಿಸಿನೀರಲ್ಲಿ ಪುಡಿ ಕದಡಿ ಕುಡಿಸಿ, ತಿಂಡಿ ಆದ ಮೇಲೆ ಮಾತ್ರೆ ಕೊಡುತ್ತಿದ್ದರು. ಡೆಕ್ಸಾ ಅಂದರೆ ಸ್ಟೀರಾಯ್ಡ್. ಗಡ್ಡೆಯ ಸುತ್ತಲಿನ ಬಾವು ಇಳಿಸುತ್ತದೆ, ಜೊತೆಗೆ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತದೆ. ಹಾಗಂತ ಅದನ್ನು ನೀವಾಗಿಯೇ ನಿಲ್ಲಿಸಬೇಡಿ, ಅಪಾಯ.

ಈ ಪುಡಿ ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಇಲ್ಲಿ ಮುಖ್ಯ ತೊಂದರೆ ಶಕ್ತಿ ಸಾಲದ್ದಲ್ಲ, ಗುರುತು ಸಿಗದ್ದು. ಕ್ಯಾನ್ಸರ್ ಜೀವಕೋಶ ನಮ್ಮದೇ ದೇಹದ್ದು, ಅದನ್ನು ಬೇರೆ ಅಂತ ಗುರುತಿಸೋದು ಕಷ್ಟ. ಗರ್ಭಕಂಠದ ಕ್ಯಾನ್ಸರ್ ತಡೆಯೋಕೆ ಎಚ್‌ಪಿವಿ ಲಸಿಕೆ, ಲಿವರ್ ಕ್ಯಾನ್ಸರ್ ತಡೆಯೋಕೆ ಹೆಪಟೈಟಿಸ್ ಬಿ ಲಸಿಕೆ ಕೆಲಸ ಮಾಡುತ್ತವೆ, ಯಾಕೆಂದರೆ ಅಲ್ಲಿ ಹಿಡಿಯೋಕೆ ಒಂದು ವೈರಸ್ ಇದೆ. ಗ್ಲಿಯೋಬ್ಲಾಸ್ಟೋಮಾದಲ್ಲಿ ಹಾಗೆ ಹಿಡಿಯೋಕೆ ಸಿಗುವ ವೈರಸ್ ಇಲ್ಲ.

ಹಾಗಾದರೆ "ಮೆದುಳಿನ ಕ್ಯಾನ್ಸರ್ ತಡೆಯುವ ಲಸಿಕೆ" ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಸುದ್ದಿ ಸುಳ್ಳಾ? ಪೂರ್ತಿ ಸುಳ್ಳಲ್ಲ. 2023ರ ಜನವರಿಯಲ್ಲಿ ಬಾಸ್ಟನ್‌ನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಖಾಲಿದ್ ಶಾ ತಂಡ ಒಂದು ಕೆಲಸ ಪ್ರಕಟಿಸಿತು. ಜೀವಂತ ಕ್ಯಾನ್ಸರ್ ಕೋಶಗಳನ್ನೇ ತೆಗೆದುಕೊಂಡು, ಕ್ರಿಸ್ಪರ್ ಅನ್ನೋ ಜೀನ್ ತಿದ್ದುವ ತಂತ್ರದಿಂದ ತಿದ್ದಿ, ಅವು ಗಡ್ಡೆಯನ್ನು ಕೊಲ್ಲುವ ಪದಾರ್ಥ ಬಿಡುವಂತೆಯೂ ಇಮ್ಯೂನ್ ಕೋಶಗಳನ್ನು ಎಚ್ಚರಿಸುವಂತೆಯೂ ಮಾಡಿದರು. ಗಡ್ಡೆ ಕರಗಿತು, ಅದು ಮತ್ತೆ ಬಾರದಂತೆ ದೇಹ ನೆನಪನ್ನೂ ಇಟ್ಟುಕೊಂಡಿತು. ಆದರೆ ಇದೆಲ್ಲ ಇಲಿಗಳಲ್ಲಿ. ಈ ಒಂದು ಪದವನ್ನು ಫಾರ್ವರ್ಡ್ ಮಾಡುವವರು ಯಾವಾಗಲೂ ಬಿಟ್ಟುಬಿಡುತ್ತಾರೆ.

ಮನುಷ್ಯರಲ್ಲಿ ದಾರಿ ಇನ್ನೂ ಒರಟು. ಇಜಿಎಫ್‌ಆರ್-ವಿ3 ಅನ್ನೋ, ಕೆಲವು ಗಡ್ಡೆಕೋಶಗಳ ಮೇಲಿರುವ ಪ್ರೋಟೀನಿನ ಒಂದೇ ಗುರುತಿನ ಮೇಲೆ ಮಾಡಿದ ಲಸಿಕೆಯ ದೊಡ್ಡ ಪ್ರಯೋಗ 2016ರಲ್ಲಿ ಸೋತಿತು. ಲಸಿಕೆಯಿಂದ ದೇಹ ಪ್ರತಿಕಾಯ ಬೆಳೆಸಿಕೊಂಡಿತ್ತು, ಆದರೂ ರೋಗಿಗಳ ಆಯಸ್ಸು ಹೆಚ್ಚಲಿಲ್ಲ. ಈ ಗಡ್ಡೆಯ ಕೋಶಗಳೆಲ್ಲ ಒಂದೇ ಥರ ಇರುವುದಿಲ್ಲ, ಗುರುತು ಇಲ್ಲದ ಕೋಶಗಳು ಉಳಿದು ಬೆಳೆಯುತ್ತವೆ. 2024ರಲ್ಲಿ ಬಾಸ್ಟನ್‌ನಿಂದಲೇ ಇನ್ನೊಂದು ವರದಿ ಬಂತು: ಗ್ಲಿಯೋಬ್ಲಾಸ್ಟೋಮಾ ಇದ್ದ ಮೂವರಿಗೆ ಕಾರ್-ಟಿ ಕೋಶಗಳನ್ನು, ಅಂದರೆ ಕ್ಯಾನ್ಸರ್ ಗುರುತಿಸುವಂತೆ ಲ್ಯಾಬ್‌ನಲ್ಲಿ ತಿದ್ದಿದ ಇಮ್ಯೂನ್ ಕೋಶಗಳನ್ನು, ನೇರವಾಗಿ ಮೆದುಳಿನ ದ್ರವಕ್ಕೆ ಕೊಟ್ಟಿದ್ದರು. ಒಬ್ಬರ ಗಡ್ಡೆ ಐದೇ ದಿನದಲ್ಲಿ ಹೆಚ್ಚುಕಡಿಮೆ ಮಾಯವಾಯಿತು, ಆಮೇಲೆ ಮತ್ತೆ ಬಂತು. ಇನ್ನೊಬ್ಬರ ಗಡ್ಡೆ ಕುಗ್ಗಿ ಆರು ತಿಂಗಳಿಗೂ ಜಾಸ್ತಿ ಹಾಗೇ ಉಳಿಯಿತು. ನಮ್ಮ ಬೆಂಗಳೂರಿನ ಇಮ್ಯುನೀಲ್ ಕಂಪನಿಯೂ 2025ರಲ್ಲಿ ಕಾರ್-ಟಿ ಚಿಕಿತ್ಸೆ ಹೊರತಂದಿದೆ, ಆದರೆ ಅದು ಲಿಂಫೋಮಾ ಅನ್ನೋ ಒಂದು ಥರದ ರಕ್ತದ ಕ್ಯಾನ್ಸರ್‌ಗೆ. ಸುದ್ದಿ ಓದಿ ಮೆದುಳಿನ ಗಡ್ಡೆಗೂ ಆಗುತ್ತೆ ಅಂತ ಅಂದುಕೊಳ್ಳಬೇಡಿ.

ನನಗೆ ಜಾಸ್ತಿ ಭರವಸೆ ಕೊಟ್ಟದ್ದು ಜರ್ಮನಿಯ ಹೈಡೆಲ್‌ಬರ್ಗ್ ತಂಡದ ಕೆಲಸ. ಐಡಿಎಚ್1 ಅನ್ನೋ ಜೀನ್‌ನಲ್ಲಿ ಒಂದು ನಿರ್ದಿಷ್ಟ ಬದಲಾವಣೆ ಇರುವ, ಸ್ವಲ್ಪ ನಿಧಾನವಾಗಿ ಬೆಳೆಯುವ ಗಡ್ಡೆಗಳಿವೆ. ಆ ಬದಲಾವಣೆ ಗಡ್ಡೆಯಲ್ಲಿ ಮೊದಲೇ ಬಂದಿರುತ್ತದೆ, ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರುತ್ತದೆ, ಹಾಗಾಗಿ ಗುರಿ ಇಡೋಕೆ ಒಳ್ಳೆಯದು. ಆ ಬದಲಾವಣೆಗೇ ಗುರಿಯಿಟ್ಟ ಲಸಿಕೆಯ, 33 ಜನರನ್ನು ಸೇರಿಸಿಕೊಂಡ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು, 93% ಜನರಲ್ಲಿ ಇಮ್ಯೂನ್ ಪ್ರತಿಕ್ರಿಯೆ ಕಂಡಿತು. ಮೆದುಳಿನ ಕ್ಯಾನ್ಸರ್ ವಿಷಯದಲ್ಲಿ "ತಡೆಯೋದು" ಅಂದರೆ ಸದ್ಯಕ್ಕೆ ಇಷ್ಟೇ: ಆಪರೇಷನ್ ಆದ ಮೇಲೆ ಉಳಿದ ಕೋಶಗಳು ಮತ್ತೆ ಬೆಳೆಯದಂತೆ ನೋಡಿಕೊಳ್ಳೋದು. ಆರೋಗ್ಯವಾಗಿರುವವರು ಹಾಕಿಸಿಕೊಳ್ಳುವ ಲಸಿಕೆ ಇಲ್ಲ. ದೊಡ್ಡಪ್ಪನ ಮಗಳು ತನಗೂ ಬರುತ್ತಾ ಅಂತ ಕೇಳಿದಳು. ಹೆಚ್ಚಿನ ಗ್ಲಿಯೋಬ್ಲಾಸ್ಟೋಮಾ ವಂಶದಲ್ಲಿ ಬರುವುದಲ್ಲ, ಅದನ್ನೇ ಹೇಳಿದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಮೆದುಳಿನ ಗಡ್ಡೆಯ ಆಪರೇಷನ್ ನಿಗದಿಯಾಗಿದ್ದರೆ ಎರಡು ಪ್ರಶ್ನೆ ಕೇಳಿ. ಐಡಿಎಚ್ ಪರೀಕ್ಷೆ ಮಾಡುತ್ತಾರಾ? ತೆಗೆದ ಗಡ್ಡೆಯ ತುಂಡನ್ನು ಫ್ರೀಜ್ ಮಾಡಿ ಇಡೋಕೆ ಆಗುತ್ತಾ? ಕೆಲವು ಲಸಿಕೆಗಳನ್ನು ರೋಗಿಯ ಸ್ವಂತ ಗಡ್ಡೆಯಿಂದಲೇ ತಯಾರಿಸುತ್ತಾರೆ, ಆದ್ದರಿಂದ ಇದನ್ನು ಆಪರೇಷನ್‌ಗೆ ಮುಂಚೆಯೇ ಕೇಳಬೇಕು.