ಧರ್ಮಶಾಲೆಯಲ್ಲಿ ಇಬ್ಬರು ಗೆಳೆಯರು

ಇಬ್ಬರು ವೃದ್ಧರು ಅಕ್ಕಪಕ್ಕ ಕುಳಿತು ಮಾತನಾಡುವುದನ್ನು ಒಂದೂವರೆ ಗಂಟೆ ನೋಡಲು ಸಾಧ್ಯವೇ ಎಂಬ ಅನುಮಾನದಿಂದಲೇ ‘ಮಿಷನ್: ಜಾಯ್’ ಸಾಕ್ಷ್ಯಚಿತ್ರವನ್ನು ಹಾಕಿಕೊಂಡೆ. ದಲೈ ಲಾಮಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿಯ ವಿರುದ್ಧ ಹೋರಾಡಿದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಗೆಳೆತನ ಅದರ ವಸ್ತು.

2011ರಲ್ಲಿ ಟುಟು ಅವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಹೊರಟಿದ್ದ ದಲೈ ಲಾಮಾ ಅವರಿಗೆ ದಕ್ಷಿಣ ಆಫ್ರಿಕಾದ ವೀಸಾ ಸಕಾಲಕ್ಕೆ ಸಿಗಲಿಲ್ಲ. ದಲೈ ಲಾಮಾ ಅವರ ಎಂಬತ್ತನೆಯ ಹುಟ್ಟುಹಬ್ಬ ಹತ್ತಿರವಾದಾಗ, 83 ವರ್ಷದ, ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಟುಟು ಅವರೇ 2015ರ ಏಪ್ರಿಲ್‌ನಲ್ಲಿ ದಲೈ ಲಾಮಾ ನೆಲೆಸಿರುವ ಹಿಮಾಚಲದ ಊರು ಧರ್ಮಶಾಲೆಗೆ ಬಂದು ಒಂದು ವಾರ ಉಳಿದರು. ಆ ದಿನಗಳಲ್ಲಿ ಲೇಖಕ ಡಗ್ಲಾಸ್ ಏಬ್ರಮ್ಸ್ ಕೇಳುತ್ತಿದ್ದ ಪ್ರಶ್ನೆಗಳಿಗೆ ಇಬ್ಬರೂ ಉತ್ತರಿಸುತ್ತಿದ್ದುದನ್ನು ಕ್ಯಾಮೆರಾಗಳು ಚಿತ್ರೀಕರಿಸಿಕೊಂಡವು. ಅದರಿಂದ ಮೊದಲು ಹೊರಬಂದದ್ದು 2016ರಲ್ಲಿ ಒಂದು ಪುಸ್ತಕ. ಲೂಯಿ ಸಿಹೋಯೊಸ್ ಮತ್ತು ಪೆಗ್ಗಿ ಕ್ಯಾಲಹನ್ ನಿರ್ದೇಶಿಸಿದ ಚಿತ್ರ ಬಂದದ್ದು 2021ರಲ್ಲಿ. (ಆ ಮಾತುಕತೆಯಲ್ಲಿ ಅನುವಾದಕರಾಗಿ ನೆರವಾದ ಥುಪ್ತೆನ್ ಜಿನ್ಪಾ ಓದಿದ್ದು ನಮ್ಮ ಮುಂಡಗೋಡದ ಗಾಂದೆನ್ ಮಠದಲ್ಲಿ ಎಂಬುದು ನನಗೆ ಹೆಚ್ಚಿನ ಖುಷಿ.)

ಕುಳಿತಲ್ಲೇ ನಡೆದ ಮಾತಿಗೆ ಚಲನೆ ತರಬೇಕೆಂದು ನಿರ್ದೇಶಕರು ಟಿಬೆಟ್ ಮತ್ತು ವರ್ಣಭೇದದ ಕಾಲದ ಹಳೆಯ ದೃಶ್ಯಗಳನ್ನೂ, ಬಾಲ್ಯದ ಪ್ರಸಂಗಗಳಿಗೆ ಅನಿಮೇಷನ್ನನ್ನೂ, ವಿಜ್ಞಾನಿಗಳ ಮಾತನ್ನೂ ಜೋಡಿಸಿದ್ದಾರೆ. ಹಳೆಯ ದೃಶ್ಯಗಳು ಬೇಕೇ ಬೇಕು. ಗಡಿಪಾರು ಎಂದರೇನು, ಬೀದಿಯಲ್ಲಿ ಪೊಲೀಸರ ಎದುರು ನಿಲ್ಲುವುದೆಂದರೇನು ಎಂದು ಕಾಣದೆ ಇವರ ನಗುವಿನ ತೂಕ ತಿಳಿಯುವುದಿಲ್ಲ. ವಿಜ್ಞಾನಿಗಳ ಭಾಗ ಮಾತ್ರ ಸಾಕ್ಷಿಗಾಗಿ ಕರೆಸಿದಂತಿದೆ. ನಗುತ್ತಿರುವವರು ಕಣ್ಣೆದುರಿಗೇ ಇರುವಾಗ ನಗು ಒಳ್ಳೆಯದೆಂಬುದಕ್ಕೆ ಪುರಾವೆ ಏತಕ್ಕೆ?

ಅವರ ಛೇಡನೆಗೆ ಕತ್ತರಿ ಹಾಕದಿರುವುದೇ ಸಂಕಲನದ ಜಾಣತನ. ಕ್ಯಾಮೆರಾ ನೋಡುತ್ತಿದೆ, ಸಂತನಂತೆ ನಡೆದುಕೊಳ್ಳಿ ಎಂದು ಟುಟು ಗದರಿದರೆ ದಲೈ ಲಾಮಾ ಮೈ ಕುಲುಕಿಸಿ ನಗುತ್ತಾರೆ. ಟಿಬೆಟನ್ ಮಕ್ಕಳ ಶಾಲೆಯಲ್ಲಿ ಹುಟ್ಟುಹಬ್ಬ ಆಚರಿಸುವಾಗ ಟುಟು ಕುಣಿಯತೊಡಗುತ್ತಾರೆ. ಭಿಕ್ಷುವಿಗೆ ಕುಣಿತ ನಿಷಿದ್ಧವಾದರೂ ದಲೈ ಲಾಮಾ ಎದ್ದು ನಿಂತು ಸಂಕೋಚದಿಂದಲೇ ಮೈ ತೂಗುತ್ತಾರೆ.

ಎರಡನೆಯ ಸಲ ನೋಡುವಾಗ ನಾನು ವಿಜ್ಞಾನಿಗಳನ್ನು ಮುಂದಕ್ಕೆ ಓಡಿಸಿ, ಗೆಳೆಯರ ಕೈಗಳನ್ನಷ್ಟೇ ಗಮನಿಸಿದೆ. ಟುಟು ಅವರ ಬಲಗೈ ಎಳವೆಯಲ್ಲೇ ಪೋಲಿಯೊದಿಂದ ಬಲ ಕಳೆದುಕೊಂಡದ್ದು. ಮಾತು ಎಲ್ಲಿಗೇ ಹೋಗಲಿ, ಕೈಗಳು ಮತ್ತೆ ಮತ್ತೆ ಒಂದನ್ನೊಂದು ಹುಡುಕಿಕೊಳ್ಳುತ್ತಿದ್ದವು.