ತಾತನ ಪುಸ್ಕಾಸ್

ನಮ್ಮ ಮನೆಯಲ್ಲಿ ಒಂದು ಜಗಳ ಮೂರು ತಲೆಮಾರಿನಿಂದ ನಡೆದುಕೊಂಡು ಬಂದಿದೆ. ಯುರೋಪಿನಲ್ಲಿ ಹುಟ್ಟಿದ ಫುಟ್‌ಬಾಲ್ ಆಟಗಾರರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು? ನಾನು ಜಿದಾನ್ ಅನ್ನುತ್ತೇನೆ. ಅಪ್ಪ ಪ್ಲಾಟಿನಿ ಅನ್ನುತ್ತಾರೆ. ತಾತ ಬದುಕಿರುವವರೆಗೂ ನಮ್ಮಿಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಪುಸ್ಕಾಸ್ ಎಡಗಾಲಿನ ಉಗುರಿಗೂ ಇವರು ಸಮ ಇಲ್ಲ" ಅನ್ನುತ್ತಿದ್ದರು. ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ ಬೆಳೆದವರು ತಾತ. ಪುಸ್ಕಾಸ್ ಆಟವನ್ನು ಒಂದು ದಿನವೂ ಕಣ್ಣಾರೆ ನೋಡಿದವರಲ್ಲ. ಎಲ್ಲ ಪೇಪರಿನಲ್ಲಿ ಓದಿದ್ದು.

ಹೋದ ವರ್ಷ ಆಫೀಸ್ ಕೆಲಸದ ಮೇಲೆ ಹತ್ತು ದಿನ ಪುಸ್ಕಾಸ್ ಊರಿಗೇ, ಹಂಗೇರಿಯ ಬುಡಾಪೆಸ್ಟ್‌ಗೆ ಹೋಗಬೇಕಾಯಿತು. ಮಧ್ಯೆ ಒಂದು ಭಾನುವಾರ ಸಿಕ್ಕಿತು. ತಾತನ ಲೆಕ್ಕ ಚುಕ್ತಾ ಮಾಡೋಣ ಅಂದುಕೊಂಡೆ.

ಹಿಂದಿನ ದಿನವೇ ಅಲ್ಲಿನ ಸಹೋದ್ಯೋಗಿಯ ಹತ್ತಿರ ಪುಸ್ಕಾಸ್ ಬಗ್ಗೆ ಕೇಳಿದ್ದೆ. ಅವನಿಗೆ ನಾನು ಯಾರ ವಿಷಯ ಹೇಳುತ್ತಿದ್ದೇನೆ ಅಂತಲೇ ಗೊತ್ತಾಗಲಿಲ್ಲ. ಮೂರು ಸಲ ಹೇಳಿದ ಮೇಲೆ ಜೋರಾಗಿ ನಕ್ಕ. ಹಂಗೇರಿಯವರ 'ಸ' ನಮ್ಮ 'ಶ' ಅಂತೆ. ಹೆಸರು ಪುಶ್ಕಾಶ್! ಅರವತ್ತು ವರ್ಷ ತಾತ ತಪ್ಪು ಹೆಸರಿನ ದೇವರನ್ನು ಪೂಜಿಸಿದ್ದರು. ಆ ಹೆಸರಿಗೆ 'ಕೋವಿಯವನು' ಎಂಬ ಅರ್ಥ ಇದೆಯಂತೆ. ಅದೂ ಹುಟ್ಟಿನಿಂದ ಬಂದ ಹೆಸರಲ್ಲ. ಜರ್ಮನ್ ಮೂಲದ ಪುರ್ಜೆಲ್ಡ್ ಎಂಬ ಮನೆತನದ ಹೆಸರನ್ನು 1937ರಲ್ಲಿ ಬದಲಾಯಿಸಿಕೊಂಡಿದ್ದರು. ಊರಿನವರು ಪ್ರೀತಿಯಿಂದ ಕರೆಯುತ್ತಿದ್ದದ್ದು 'ಓಚಿ' ಅಂತ. ಅಂದರೆ ತಮ್ಮ. ನಮ್ಮ ಕಡೆ ಬೀದಿಯಲ್ಲಿ ಹೋಗುವ ಹುಡುಗನನ್ನು "ಏ ತಮ್ಮಾ" ಅಂತ ಕರೆಯುತ್ತೇವಲ್ಲ, ಹಾಗೆ.

ಬೆಳಿಗ್ಗೆ ಮೊದಲು ಹೋಗಿದ್ದು ಸೇಂಟ್ ಸ್ಟೀಫನ್ ಬೆಸಿಲಿಕಾಕ್ಕೆ. ಹಂಗೇರಿಯ ಮೊದಲ ಅರಸ ಸ್ಟೀಫನ್‌ನ ಬಲಗೈಯನ್ನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಸಾವಿರ ವರ್ಷದ ಹಿಂದಿನ, ಒಣಗಿದ ಮುಷ್ಟಿ. ಜನ ಕೈಮುಗಿಯುತ್ತಾರೆ. ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಪುಶ್ಕಾಶ್ ಸಮಾಧಿ. 2006ರ ನವೆಂಬರ್‌ನಲ್ಲಿ ತೀರಿಕೊಂಡಾಗ ಸರ್ಕಾರಿ ಗೌರವದೊಂದಿಗೆ ಅಲ್ಲಿ ಮಣ್ಣು ಮಾಡಿದರು. ಮೇಲೆ ಅರಸನ ಬಲಗೈ, ಕೆಳಗೆ ಆಟಗಾರನ ಎಡಗಾಲು. ಈ ಮಾತು ತಲೆಗೆ ಬಂದು ಗುಡಿಯಂಥ ಜಾಗದಲ್ಲಿ ನಗು ತಡೆಯೋದೇ ಕಷ್ಟವಾಯಿತು.

ಆ ಎಡಗಾಲಿನ ಕಥೆ ನನಗೆ ಬಾಯಿಪಾಠ. 1953ರ ನವೆಂಬರ್ 25, ಲಂಡನ್ನಿನ ವೆಂಬ್ಲಿ ಸ್ಟೇಡಿಯಂ. ಬ್ರಿಟನ್ ಹೊರಗಿನ ಯಾವ ತಂಡವೂ ಅಲ್ಲಿವರೆಗೆ ಇಂಗ್ಲೆಂಡನ್ನು ಅಲ್ಲಿ ಸೋಲಿಸಿರಲಿಲ್ಲ. ಹಂಗೇರಿ 6–3 ಹೊಡೆದು ಬಂತು. ಹಿಡೆಗ್ಕುಟಿ ಮೂರು ಗೋಲು, ಪುಶ್ಕಾಶ್ ಎರಡು. ಅದರಲ್ಲಿ ಒಂದನ್ನು ತಾತ ಚಪ್ಪಲಿಯನ್ನೇ ಚೆಂಡು ಮಾಡಿಕೊಂಡು ತೋರಿಸುತ್ತಿದ್ದರು. ಇಂಗ್ಲೆಂಡ್ ಕ್ಯಾಪ್ಟನ್ ಬಿಲ್ಲಿ ರೈಟ್ ಚೆಂಡು ಕಿತ್ತುಕೊಳ್ಳಲು ಜಾರಿ ಬರುತ್ತಾನೆ. ಪುಶ್ಕಾಶ್ ಅಂಗಾಲಿನಿಂದ ಚೆಂಡನ್ನು ಸುಮ್ನೆ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ರೈಟ್ ಖಾಲಿ ಜಾಗದಲ್ಲಿ ಜಾರಿಕೊಂಡು ಹೋಗಿಬಿಡುತ್ತಾನೆ. ಆಮೇಲೆ ಎಡಗಾಲಿನ ಒಂದು ಒದೆ, ಗೋಲು. ನಮ್ಮ ಮನೆಯಲ್ಲಿ ಬಿಲ್ಲಿ ರೈಟ್ ಪಾತ್ರ ಯಾವಾಗಲೂ ಅಪ್ಪನದೇ.

ಸೋಲಿನ ಕಥೆಯನ್ನು ಮಾತ್ರ ತಾತ ಬೇಗ ಮುಗಿಸುತ್ತಿದ್ದರು. 1954ರ ವಿಶ್ವಕಪ್ ಫೈನಲ್, ಬರ್ನ್, ಮಳೆ. ನಾಲ್ಕು ವರ್ಷದಿಂದ ಸೋತೇ ಇಲ್ಲದ ತಂಡ ಎಂಟೇ ನಿಮಿಷದಲ್ಲಿ 2–0 ಮುಂದಿತ್ತು. ಕೊನೆಗೆ ಪಶ್ಚಿಮ ಜರ್ಮನಿ 3–2 ಗೆದ್ದಿತು. ಪುಶ್ಕಾಶ್ ಪೆಟ್ಟಾದ ಕಾಲಿನಲ್ಲೇ ಆಡಿದ್ದ. ಕೊನೆಯ ನಿಮಿಷಗಳಲ್ಲಿ ಅವನು ಹೊಡೆದ ಗೋಲನ್ನು ಆಫ್‌ಸೈಡ್ ಅಂದರು. "ಅನ್ಯಾಯ" ಅಂತ ಒಂದೇ ಮಾತು ಹೇಳಿ ತಾತ ಎಲೆಅಡಿಕೆ ಡಬ್ಬಿ ತೆಗೆಯುತ್ತಿದ್ದರು.

ಈ ಭಕ್ತಿ ಎಲ್ಲಿಂದ ಬಂತು ಅಂತ ನಾನು ಕೇಳಿದ್ದೆ. ಅದರ ಬೇರು ಬೆಂಗಳೂರಿನಲ್ಲೇ ಇತ್ತು. ನಮ್ಮ ಊರಿನ ಅಹ್ಮದ್ ಖಾನ್ ಆಟವನ್ನು ತಾತ ಹುಡುಗನಾಗಿದ್ದಾಗ ನೋಡಿದ್ದರು. ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್‌ಗೆ ಆಡಿ, ಹಾವಾಡಿಗ ಅಂತ ಹೆಸರು ಪಡೆದವರು ಅವರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಮ್ಮವರು ಯುಗೊಸ್ಲಾವಿಯಾ ಎದುರು 10–1ರಿಂದ ಸೋತರು. ತಂಡದಲ್ಲಿ ಬರಿಗಾಲಲ್ಲಿ ಆಡಿದವರೇ ಜಾಸ್ತಿ. ಆ ಒಂದು ಗೋಲು ಅಹ್ಮದ್ ಖಾನರದು. ನಮಗೆ ಹತ್ತು ಹೊಡೆದ ಅದೇ ಯುಗೊಸ್ಲಾವಿಯಾವನ್ನು ಫೈನಲ್‌ನಲ್ಲಿ ಹಂಗೇರಿ 2–0 ಸೋಲಿಸಿತು. ಮೊದಲ ಗೋಲು ಪುಶ್ಕಾಶನದು. ಅಂದರೆ ನಮ್ಮ ಪರವಾಗಿ ಸೇಡು ತೀರಿಸಿದವನು ಅವನು. ತಾತನ ಲೆಕ್ಕ ಇಷ್ಟು ಸರಳ. ಇದಕ್ಕೆ ಎದುರುವಾದ ಏನಿದೆ ಹೇಳಿ?

ಮಧ್ಯಾಹ್ನ ಟ್ರಾಮ್ ಹತ್ತಿ ಓಬುಡಾ ಕಡೆ ಹೊರಟೆ. ತಪ್ಪು ಸ್ಟಾಪಿನಲ್ಲಿ ಇಳಿದು ಅರ್ಧ ಗಂಟೆ ನಡೆದೆ. ಅಲ್ಲಿ ಪುಶ್ಕಾಶನ ಕಂಚಿನ ಪ್ರತಿಮೆ ಇದೆ. ಕಪ್ ಎತ್ತಿ ಹಿಡಿದ ವೀರ ಅಲ್ಲ. ಬೀದಿಯಲ್ಲಿ ಮಕ್ಕಳ ಎದುರು ಚೆಂಡನ್ನು ಕಾಲಲ್ಲಿ ಪುಟಿಸುತ್ತಾ ನಿಂತಿದ್ದಾನೆ. ಆ ಬೀದಿ ಬುಡಾಪೆಸ್ಟಿನದಲ್ಲ, ಮ್ಯಾಡ್ರಿಡ್‌ನದು. ಆಗಿನ ಒಂದು ಫೋಟೋ ನೋಡಿ ಮಾಡಿದ್ದು.

1956ರಲ್ಲಿ ಹಂಗೇರಿಯ ಬಂಡಾಯವನ್ನು ಸೋವಿಯತ್ ಸೇನೆ ಹೊಸಕಿಹಾಕಿದಾಗ ಅವನ ಕ್ಲಬ್ ಹೊರದೇಶದಲ್ಲಿತ್ತು. ಅವನು ವಾಪಸ್ ಹೋಗಲಿಲ್ಲ. ಅದಕ್ಕೆ ಆಡದಂತೆ ನಿಷೇಧ ಬಿತ್ತು. ಸುಮ್ಮನೆ ಕೂತು ಕೂತು ಹೊಟ್ಟೆ ಬಂತು. 1958ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದಾಗ ವಯಸ್ಸು 31. ಮುಗಿದ ಆಟಗಾರ ಅಂತಲೇ ಲೆಕ್ಕ, ಅಲ್ವಾ? 1960ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಗ್ಲಾಸ್ಗೋದಲ್ಲಿ ಫ್ರಾಂಕ್‌ಫರ್ಟ್ ಎದುರು ಒಬ್ಬನೇ ನಾಲ್ಕು ಗೋಲು ಹೊಡೆದ. ಅವನ ಜೊತೆಗಾರ ಡಿ ಸ್ಟೆಫಾನೋ ಮೂರು. ಮ್ಯಾಚ್ 7–3. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಪ್ರಶಸ್ತಿ ಮಾತ್ರ ಆ ಸಲ ಇನ್ನೊಬ್ಬರಿಗೆ ಹೋಯಿತು. ಪುಶ್ಕಾಶನಿಗೆ ಅದು ಕೊನೆಗೂ ಸಿಗಲಿಲ್ಲ. ಅಪ್ಪನ ಪ್ಲಾಟಿನಿಗೆ ಸಾಲಾಗಿ ಮೂರು ವರ್ಷ ಸಿಕ್ಕಿದೆ. ನನ್ನನ್ನು ಕೇಳಿದರೆ ಇಂಥ ಪ್ರಶಸ್ತಿ ಎಣಿಸಿ ಆಟಗಾರನನ್ನು ಅಳೆಯುವುದು, ಸಾರನ್ನು ಸೌಟು ಎಣಿಸಿ ರುಚಿ ಹೇಳಿದ ಹಾಗೆ. ಹೀಗಂದರೆ ಅಪ್ಪ ಒಪ್ಪುವುದಿಲ್ಲ.

ಪ್ರತಿಮೆಯ ಪಕ್ಕ ನಿಂತು ಮೂರು ಫೋಟೋ ತೆಗೆದೆ. ಮನೆತಪ್ಪಿದವನನ್ನು ಮನೆ ಬಿಟ್ಟ ಮೇಲಿನ ರೂಪದಲ್ಲೇ ಊರಿಗೆ ಕರೆದುಕೊಂಡಿದ್ದಾರೆ ಅನ್ನಿಸಿತು. 1981ರವರೆಗೆ ಅವನು ಹಂಗೇರಿಗೆ ಕಾಲಿಟ್ಟಿರಲಿಲ್ಲ. ಈಗ ಮೆಟ್ರೋ ಸ್ಟೇಷನ್ನಿಗೂ ಅವನ ಹೆಸರು, ಸ್ಟೇಡಿಯಮ್ಮಿಗೂ ಅವನ ಹೆಸರು.

ಫೋಟೋಗಳನ್ನು ಅಪ್ಪನಿಗೆ ಕಳಿಸಿದೆ. ಬೆಂಗಳೂರಿನಲ್ಲಿ ಆಗ ರಾತ್ರಿ ಊಟದ ಹೊತ್ತು. ಎರಡೇ ನಿಮಿಷಕ್ಕೆ ಫೋನ್ ಬಂತು.

"ಇವನೇನೋ ತಾತನ ಪುಸ್ಕಾಸ್?"

"ಹೂಂ ಅಪ್ಪಾ. ಪುಶ್ಕಾಶ್ ಅನ್ನಬೇಕಂತೆ."

ಸ್ವಲ್ಪ ಹೊತ್ತು ಮಾತಿಲ್ಲ. ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದರು ಅಂತ ಕಾಣುತ್ತದೆ.

"ಇಷ್ಟು ಹೊಟ್ಟೆ ಇತ್ತು ಅಂತ ಮುದುಕ ಒಂದು ದಿನವೂ ಹೇಳಲಿಲ್ಲ ನೋಡು!"